ಮೂರು ಊರಿನ ನೀರು ಕುಡಿದ ಮೂರು ವ್ಯಾಗನ್ ಆರ್

ಅಮ್ಮನ ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಕಾರಿನ ಚರ್ಚೆಯೆಲ್ಲ ಸೀಟಿನ ಎತ್ತರಕ್ಕೆ ಬಂದು ನಿಂತಿತು. ಬಣ್ಣ, ಮೈಲೇಜು, ಮ್ಯೂಸಿಕ್ ಸಿಸ್ಟಮ್ಮು ಯಾವುದೂ ಲೆಕ್ಕಕ್ಕಿಲ್ಲ. ಅಮ್ಮ ಸೊಂಟ ಬಗ್ಗಿಸದೆ ಹತ್ತಬೇಕು, ‘ಅಯ್ಯಮ್ಮಾ’ ಅನ್ನದೆ ಇಳಿಯಬೇಕು. ಪರಿಚಯದವರ ಆಲ್ಟೊದಲ್ಲಿ ಕೂರಿಸಿ ನೋಡಿದೆ, ಮಣೆ ಮೇಲೆ ಕೂತ ಹಾಗೆ. ಬೊಲೆರೊ ಹತ್ತಿಸಿದರೆ ಅಟ್ಟ ಹತ್ತಿಸಿದ ಹಾಗೆ. ಸ್ವಿಫ್ಟ್‌ನಲ್ಲಿ ಕೂತಳು, ಏಳಿಸಲು ಇಬ್ಬರು ಬೇಕಾಯಿತು. ಕುರ್ಚಿಯಲ್ಲಿ ಕೂತಷ್ಟು ಸಲೀಸಾಗಿ ಕೂತದ್ದು ವ್ಯಾಗನ್ ಆರ್‌ನಲ್ಲಿ ಮಾತ್ರ. 1999ರ ಕೊನೆಯಲ್ಲಿ ಈ ಕಾರು ಮೊದಲು ಬಂದಾಗ ‘ಇದೇನಿದು, ಬ್ರೆಡ್ಡಿನ ಡಬ್ಬಿ’ ಅಂತ ನಕ್ಕವರಲ್ಲಿ ನಾನೂ ಒಬ್ಬಳು. ಈಗ ಅದೇ ಡಬ್ಬಿ ಹುಡುಕಿಕೊಂಡು ಒಂದೂವರೆ ತಿಂಗಳು ಎರಡು ಜಿಲ್ಲೆ ಅಲೆದೆ.

ನಾನು ಚಿಕ್ಕಮಗಳೂರಿನಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ವಾರಕ್ಕೊಮ್ಮೆ ಬೇಲೂರು ದಾಟಿ ನಮ್ಮೂರಿಗೆ, ತಿಂಗಳಿಗೊಮ್ಮೆ ಅಮ್ಮನನ್ನು ಹಾಸನದ ಮೂಳೆ ಡಾಕ್ಟರ ಹತ್ತಿರಕ್ಕೆ. ಕೈಯಲ್ಲಿದ್ದದ್ದು ಮೂರು ಲಕ್ಷ, ಎಳೆದರೆ ಮೂರೂಕಾಲು. ಹೊಸ ಕಾರಿನ ಮಾತೇ ಇರಲಿಲ್ಲ.

ನೋಡಿ ನೋಡಿ ಕೊನೆಗೆ ಉಳಿದವು ಮೂರು. ಮೂರೂ 2014ರವು, ಮೂರರಲ್ಲೂ ಅದೇ 998 ಸಿಸಿಯ ಕೆ-ಸೀರೀಸ್ ಪೆಟ್ರೋಲ್ ಇಂಜಿನ್. ಒಂದು ಬೆಂಗಳೂರಿನ ನಂಬರಿನದು, ಹಾಸನದ ಡೀಲರೊಬ್ಬರ ಯಾರ್ಡಿನಲ್ಲಿ ನಿಂತಿತ್ತು. ಇನ್ನೊಂದು ಮಂಗಳೂರು ಕಡೆಯ ಕೆಎ-19. ಮೂರನೆಯದು ಮೂಡಿಗೆರೆ ಒಳಗಿನ ಕಾಫಿ ತೋಟದ್ದು, ನಮ್ಮದೇ ಕೆಎ-18. ಮಾಡೆಲ್ಲು, ಇಂಜಿನ್ನು, ಹುಟ್ಟಿದ ವರ್ಷ ಎಲ್ಲ ಒಂದೇ ಆದ್ದರಿಂದ ಏನು ವ್ಯತ್ಯಾಸ ಕಂಡರೂ ಅದು ಓಡಿದ ರಸ್ತೆಯದು, ಕುಡಿದ ನೀರಿನದು. ಸೆಕೆಂಡ್ ಹ್ಯಾಂಡ್ ಕಾರು ಅಂದಕೂಡಲೇ ಎಲ್ಲರೂ ಕೇಳೋದು ‘ಎಷ್ಟು ಓಡಿದೆ?’ ಅಂತ. ‘ಎಲ್ಲಿ ಓಡಿದೆ?’ ಅಂತ ಕೇಳುವವರು ಕಮ್ಮಿ. ನನಗೀಗ ಎರಡನೇ ಪ್ರಶ್ನೆಯೇ ದೊಡ್ಡದು ಅನ್ನಿಸಿಬಿಟ್ಟಿದೆ.

ಅಪ್ಪನ ಪದ್ಮಿನಿ

ಈ ಪ್ರಶ್ನೆ ನನ್ನದಲ್ಲ, ಅಪ್ಪನದು. 1988ರಲ್ಲಿ ಅಪ್ಪ ಒಂದು ಪ್ರೀಮಿಯರ್ ಪದ್ಮಿನಿ ತಂದರು, ಆಗಲೇ ಮೂರು ಕೈ ದಾಟಿದ್ದು. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಬಯಲಿನಲ್ಲಿ ರಾಣಿ ಹಾಗೆ ಹೋಗುತ್ತಿತ್ತು. ಧರ್ಮಸ್ಥಳಕ್ಕೆ ಹೋಗಿ ವಾಪಸ್ಸು ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ರೇಡಿಯೇಟರ್ ಕುದಿಯಲು ಶುರು. ಅಪ್ಪ ಬ್ರೇಕ್ ಒತ್ತಿ ಹಿಡಿಯುತ್ತಿದ್ದರು, ನಾನು ಬಾಗಿಲು ತೆಗೆದು ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಅದಕ್ಕೆಂದೇ ಒಂದು ಚಪ್ಪಟೆ ಕಲ್ಲು ನನ್ನ ಕಾಲಬುಡದಲ್ಲಿ ಇರುತ್ತಿತ್ತು. ಎಂಟು ವರ್ಷದ ಹುಡುಗಿಗೆ ಅಷ್ಟು ದೊಡ್ಡ ಕೆಲಸ ಬೇರೆ ಯಾರೂ ಕೊಟ್ಟಿರಲಿಲ್ಲ. ಇವತ್ತಿಗೂ ಆ ಕಾರು ಅಂದರೆ ನನಗೆ ನೆನಪಾಗೋದು ಬಿಸಿ ರೆಕ್ಸಿನ್ ವಾಸನೆ, ಬಾನೆಟ್ಟಿನ ಹಬೆ, ಅಂಗೈಗೆ ತಣ್ಣಗೆ ಹತ್ತುತ್ತಿದ್ದ ಆ ಕಲ್ಲು.

ಅಪ್ಪ ಕಾರು ನೋಡಲು ಹೋದರೆ ಮೊದಲು ಕಾರು ನೋಡುತ್ತಿರಲಿಲ್ಲ, ಶೆಡ್ಡಿನ ನೆಲ ನೋಡುತ್ತಿದ್ದರು. ಎಣ್ಣೆ ಎಲ್ಲಿ ತೊಟ್ಟಿಕ್ಕಿದೆ, ಕಲೆ ಹಳೆಯದೋ ಹೊಸದೋ, ಮುಂದೆಯೋ ಹಿಂದೆಯೋ. ಆಮೇಲೆ ಸಾಹುಕಾರ್ರನ್ನು ಮಾತಿಗೆ ಬಿಟ್ಟು ತಾವು ಹೋಗಿ ಡ್ರೈವರ್ ಜೊತೆ ಬೀಡಿ ಸೇದುತ್ತಿದ್ದರು. “ಸಾಹುಕಾರ್ರನ್ನ ಕೇಳಿದ್ರೆ ರೇಟು ಹೇಳ್ತಾರೆ, ಡ್ರೈವರ್‌ನ ಕೇಳಿದ್ರೆ ಕಾರು ಹೇಳ್ತಾನೆ” ಅನ್ನೋರು. ಡೀಲರ್ ಯಾರ್ಡಿನಲ್ಲಿ ಶೆಡ್ಡೂ ಇಲ್ಲ, ಡ್ರೈವರೂ ಇಲ್ಲ. ಅಪ್ಪನ ವಿದ್ಯೆ ಅಲ್ಲಿ ನಡೆಯಲ್ಲ ಅಂದುಕೊಂಡೇ ಹೋದೆ.

ತೊಳೆದ ಕಾರು

ಹಾಸನದ ಕಾರು ಮೂರರಲ್ಲೂ ಚಂದ. ಬಿಳಿ ಬಣ್ಣ, ಹೊಸ ಸೀಟ್ ಕವರ್, ಒಳಗೆ ಮಲ್ಲಿಗೆಯ ಸೆಂಟು. ಮೀಟರಿನಲ್ಲಿ 46,120 ಕಿಲೋಮೀಟರ್. ರೇಟು ಮೂರು ಲಕ್ಷದ ಹದಿನೈದು ಸಾವಿರ. ಅಲ್ಲಿದ್ದ ಹುಡುಗ ಪ್ರತಿ ಮಾತನ್ನೂ ನನ್ನ ತಮ್ಮನ ಮುಖ ನೋಡಿಕೊಂಡೇ ಹೇಳುತ್ತಿದ್ದ. “ಸರ್, ಸಿಂಗಲ್ ಓನರ್ ಸರ್, ಐಟಿ ಕಂಪನಿಯೋರು ಸರ್.” ನನ್ನ ತಮ್ಮನಿಗೆ ಲೈಸೆನ್ಸೇ ಇಲ್ಲ. ಅವನು “ಹೂಂ, ಹೂಂ” ಅಂತ ಗಂಭೀರವಾಗಿ ತಲೆಯಾಡಿಸುತ್ತಿದ್ದಾಗ ನಾನು ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬೆಳಿಗ್ಗೆ ಒಂಬತ್ತೂವರೆ, ನೆರಳಿನಲ್ಲಿ ನಿಂತ ಕಾರು, ತಗಡು ಬೆಚ್ಚಗಿತ್ತು. ನಾವು ಬರುವ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಹೀಗೆ ಬಿಸಿ ಮಾಡಿಟ್ಟ ಇಂಜಿನ್ನಿನಿಂದ ತಿಳಿಯೋದು ಅರ್ಧ ಮಾತ್ರ. ರಾತ್ರಿಯಿಡೀ ತಣ್ಣಗಾದ ಇಂಜಿನ್ನು ಮೊದಲ ಹತ್ತು ಸೆಕೆಂಡಿನಲ್ಲಿ ಉಗುಳುವ ಹೊಗೆ ಮತ್ತು ಸದ್ದು ಬಿಸಿಯಾದ ಮೇಲೆ ಸಿಗಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ, ಕಾರು ಬಿಸಿಯೇರಿದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ ಅಂತ ಅನುಮಾನ ಪಡಬೇಕು.

ಬಾನೆಟ್ ಎತ್ತಿದರೆ ಇಂಜಿನ್ನು ಮದುಮಗಳ ಹಾಗೆ ತೊಳೆದು ಪಾಲಿಷ್ ಹಾಕಿದೆ. ನಮ್ಮ ಮೆಕ್ಯಾನಿಕ್ ಅಣ್ಣನನ್ನು ಕಾರಿಗೆ ಸಾವಿರ ರೂಪಾಯಿ ಮಾತಾಡಿ ಕರೆದುಕೊಂಡು ಹೋಗಿದ್ದೆ. ಅವರು ಒಂದು ಸಲ ಇಣುಕಿ, “ಎಲ್ಲಿಂದ ಲೀಕ್ ಐತೆ ಅಂತ ಹೇಳೋಕೂ ಒಂಚೂರು ಕೊಳೆ ಬೇಕಲ್ಲ ಮೇಡಂ” ಅಂದರು.

ನಾನು ಡ್ರೈವರ್ ಸೀಟಿನಲ್ಲಿ ಕೂತು ಕಾಲಬುಡ ನೋಡಿದೆ. ಪೆಡಲ್ ರಬ್ಬರು ಹೊಚ್ಚ ಹೊಸದು. ನಲವತ್ತಾರು ಸಾವಿರ ಓಡಿದ ಕಾರಿಗೆ ಪೆಡಲ್ ರಬ್ಬರ್ ಬದಲಾಯಿಸುವ ಅಗತ್ಯ ಯಾರಿಗೆ ಬಂತು? ಸ್ಟೀರಿಂಗಿನ ಕವರ್ ಬಿಚ್ಚಿ ನೋಡಿದೆ, ಹತ್ತು ಗಂಟೆ ಮುಳ್ಳಿರುವ ಜಾಗದಲ್ಲಿ ಪ್ಲಾಸ್ಟಿಕ್ಕು ನುಣ್ಣಗೆ ಸವೆದು ಕನ್ನಡಿಯಾಗಿದೆ. ಅನುಮಾನ ಬಂತು, ಸಾಕ್ಷಿ ಇರಲಿಲ್ಲ. ಸಾಕ್ಷಿ ಸಿಕ್ಕಿದ್ದು ಇಳಿಯುವಾಗ. ಆಯಿಲ್ ಬದಲಾಯಿಸಿದಾಗ ಗ್ಯಾರೇಜಿನವರು ಮುಂದಿನ ಸರ್ವಿಸ್ ಎಷ್ಟು ಕಿಲೋಮೀಟರಿಗೆ ಅಂತ ಬರೆದು ಅಂಟಿಸುತ್ತಾರಲ್ಲ, ಆ ಸ್ಟಿಕ್ಕರು. ಬಾನೆಟ್ ಒಳಗಿನದನ್ನು ಕೆರೆದು ತೆಗೆದಿದ್ದರು, ಅಂಟಿನ ಚೌಕ ಉಳಿದಿತ್ತು. ಆದರೆ ಡ್ರೈವರ್ ಬಾಗಿಲಿನ ಕಂಬದಲ್ಲಿ ಬೀಡಿಂಗ್ ರಬ್ಬರಿನ ಕೆಳಗೆ ಅರ್ಧ ಮುಚ್ಚಿಹೋದದ್ದೊಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಉಗುರಿನಲ್ಲಿ ರಬ್ಬರ್ ಎತ್ತಿದೆ. ನೀಲಿ ಪೆನ್ನಿನಲ್ಲಿ ‘84,500’.

ಹುಡುಗನನ್ನು ಕೇಳಿದೆ. ಆಗ ಮೊದಲ ಸಲ ಅವನು ನನ್ನ ಮುಖ ನೋಡಿದ. “ಅದು ಬೇರೆ ಗಾಡಿ ಸ್ಟಿಕ್ಕರ್ ಇರ್ಬೇಕು ಮೇಡಂ.”

ಅಲ್ಲಿಗೇ ಬಿಟ್ಟು ಬರಬಹುದಿತ್ತು. ಹೋಲಿಕೆಗೆ ಇರಲಿ ಅಂತ ಉಳಿದದ್ದನ್ನೂ ನೋಡಿದೆ. ಫ್ರಿಜ್ಜಿನ ಮೇಲೆ ಅಂಟಿಸುವ ಅಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತಿ ಸುತ್ತಲೂ ಇಟ್ಟುಕೊಂಡು ಹೋದೆ. ಎಡಗಡೆ ಹಿಂದಿನ ಬಾಗಿಲಿನಲ್ಲಿ ಒಂದು ಗೇಣು ಜಾಗದಲ್ಲಿ ನಿಲ್ಲಲೇ ಇಲ್ಲ. ಒಳಗೆ ತಗಡಿನ ನಗ್ಗು ತುಂಬಲು ಮೆತ್ತಿದ ಪುಟ್ಟಿ. ಆ ಬಾಗಿಲಿನ ಗಾಜಿನ ಮೂಲೆಯ ಗುರುತೂ ಉಳಿದ ಗಾಜುಗಳ ವರ್ಷಕ್ಕೆ ಹೊಂದಲಿಲ್ಲ. ಟೈರು ನಾಲ್ಕೂ ಹೊಸವು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಡಿಕ್ಕಿಯ ಸ್ಟೆಪ್ನಿಯಲ್ಲಿ 1114 ಅಂತಿತ್ತು, 2014ರ ಹನ್ನೊಂದನೇ ವಾರದ್ದು, ಕಾರಿನ ಜೊತೆಗೇ ಬಂದದ್ದು. ಅದೊಂದೇ ಆ ಕಾರಿನಲ್ಲಿ ನಿಜ ಹೇಳುತ್ತಿದ್ದ ವಸ್ತು.

ಓಡಿಸಲು ಹತ್ತು ಕಿಲೋಮೀಟರಿಗಿಂತ ಹೆಚ್ಚು ಬಿಡಲಿಲ್ಲ. ಗೊರೂರು ರಸ್ತೆಗೆ ತಿರುಗಿಸಿ, ನಲವತ್ತರ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲೇಟರ್ ಪೂರ್ತಿ ತುಳಿದೆ. ಇಂಜಿನ್ನಿನ ಕೂಗು ಏರಿತು, ಕಾರು ಏರಲಿಲ್ಲ. ಕ್ಲಚ್ ಜಾರುತ್ತಿದೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಹತ್ತು ವರ್ಷ ಹಾಫ್ ಕ್ಲಚ್ಚಿನಲ್ಲಿ ತೆವಳಿದ ಕಾರಿಗೆ ಇದು ಬರಲೇಬೇಕಾದ ಕಾಯಿಲೆ. ಏಸಿ ಚೆನ್ನಾಗಿತ್ತು, ಅಷ್ಟು ಹೇಳಬೇಕು.

ಬಿಸಿಲೂರಿನ ಬೆಣ್ಣೆ ಇಂಜಿನ್

ಮಂಗಳೂರಿನ ಕಾರಿನವರು ನಮ್ಮ ಕಾಲೇಜಿನ ಸಹೋದ್ಯೋಗಿಯ ಕಡೆಯವರು, ನಿವೃತ್ತರು. ಅರ್ಧ ದಾರಿ ಅವರು ಹತ್ತಿ ಬರುವುದು, ಅರ್ಧ ದಾರಿ ನಾವು ಹೋಗುವುದು ಅಂತ ಮಾತಾಗಿ ಕೊಟ್ಟಿಗೆಹಾರದಲ್ಲಿ ಸೇರಿದೆವು. ನೀರುದೋಸೆ ತಿನ್ನುತ್ತಾ ಅವರು ಹೇಳಿದ್ದು ಇಷ್ಟೇ: “ಇಂಜಿನ್ ಬೆಣ್ಣೆ ಹಾಗೆ ಉಂಟು. ಬಾಡಿ ಮಾತ್ರ ಸ್ವಲ್ಪ ನೀವೇ ನೋಡಿ ಆಯ್ತಾ, ನಾನು ಸುಳ್ಳು ಹೇಳುದಿಲ್ಲ.” ಮೀಟರಿನಲ್ಲಿ 88,400. ಕೇಳಿದ್ದು ಎರಡು ಲಕ್ಷದ ಇಪ್ಪತ್ತೈದು ಸಾವಿರ. ಸರ್ವಿಸ್ ಬಿಲ್ಲುಗಳು ವರ್ಷವಾರು ಪಿನ್ ಹೊಡೆದು ಫೈಲಿನಲ್ಲಿದ್ದವು, ಪ್ರತಿ ಬಿಲ್ಲಿನ ಕಿಲೋಮೀಟರೂ ಮೆಟ್ಟಿಲು ಹತ್ತಿದ ಹಾಗೆ ಒಂದರ ಮೇಲೊಂದು ಕೂಡಿಬರುತ್ತಿತ್ತು.

ಅವರ ಮಾತು ನಿಜ. ಘಾಟಿಯ ನಾಲ್ಕು ತಿರುವು ಇಳಿಸಿ ಮತ್ತೆ ಹತ್ತಿಸಿದೆ. ಮೂರನೇ ಗೇರಿನಲ್ಲಿ ಸದ್ದಿಲ್ಲದೆ ಎಳೆಯಿತು. ಕ್ಲಚ್ಚು ರೇಷ್ಮೆ. ಘಾಟಿ ಹತ್ತಿ ಬಂದ ಕಾರಿನ ಟೆಂಪರೇಚರ್ ಮುಳ್ಳು ನಡುವಿನಿಂದ ಅಲ್ಲಾಡಿರಲಿಲ್ಲ, ಅಪ್ಪನ ಪದ್ಮಿನಿ ನೆನಪಾಗಿ ಹೊಟ್ಟೆ ಉರಿಯಿತು. ಎಂಬತ್ತೆಂಟು ಸಾವಿರದಲ್ಲಿ ಬಹುಪಾಲು ಹೈವೇ ಓಟ. ಸಿಟಿಯಲ್ಲಿ ನಲವತ್ತು ಸಾವಿರ ಓಡಿದ್ದಕ್ಕಿಂತ ಇದರ ಇಂಜಿನ್ನು, ಗೇರ್‌ಬಾಕ್ಸು ಎಳೆಯದು. ಮೀಟರಿನ ಅಂಕಿ ನೋಡಿ ಬೆದರಿ ಬಿಡಬಾರದು ಅಂತ ನನಗೆ ಅಲ್ಲಿ ಖಾತ್ರಿಯಾಯಿತು. ಕೊಂಡೇಬಿಡೋಣ ಅಂತ ಮನಸ್ಸು ಮಾಡಿಯೂ ಆಗಿತ್ತು.

ಮೆಕ್ಯಾನಿಕ್ ಅಣ್ಣ ಗೋಣಿಚೀಲ ಹಾಸಿ ಟಾರ್ಚು ಹಿಡಿದು ಕಾರಿನಡಿಗೆ ನುಗ್ಗಿದರು. ಐದು ನಿಮಿಷ ಮಾತಿಲ್ಲ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಲ್ಲಿ ತಟ್ಟುವ ಸದ್ದು. ಗಟ್ಟಿ ತಗಡು ‘ಠಣ್’ ಅನ್ನುತ್ತದೆ. ಇದು ಮುಂದೆ ‘ಠಣ್ ಠಣ್’ ಅಂದುಕೊಂಡು ಬಂದು ಬಾಗಿಲ ಕೆಳಗಿನ ಪಟ್ಟಿಗೆ, ಜಾಕ್ ಕೊಡುವ ಜಾಗಕ್ಕೆ ಬಂದಾಗ ‘ಬದ್’ ಅಂದಿತು. “ಮೇಡಂ, ಇಲ್ಲಿ ಬಗ್ಗಿ ನೋಡಿ” ಅಂತ ಕರೆದು, ಸ್ಕ್ರೂಡ್ರೈವರ್ ತಿರುಗಿಸಿ ತುದಿ ಒತ್ತಿದರು. ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಕೆಂಪು ಪುಡಿ ಅವರ ಮುಖದ ಮೇಲೆ ಉದುರಿತು.

ಹದಿನಾರು ವರ್ಷದಿಂದ ಬೋರ್ಡಿನ ಮೇಲೆ ಬರೆದು ಬರೆದು ನನಗೆ ಬೇಸರ ಬಂದಿರುವ ಪಾಠ ಅದು. ತುಕ್ಕು ಹಿಡಿಯುವ ಕಬ್ಬಿಣ ಅಂದರೆ ಸಾವಿರಾರು ಪುಟ್ಟ ಬ್ಯಾಟರಿಗಳು. ಒಂದು ಕಡೆ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟು ಕರಗುತ್ತದೆ, ಪಕ್ಕದಲ್ಲೇ ನೀರು, ಆಕ್ಸಿಜನ್ ಸೇರಿ ಅದನ್ನು ತೆಗೆದುಕೊಳ್ಳುತ್ತವೆ. ಶುದ್ಧ ನೀರಿನಲ್ಲಿ ಕರೆಂಟು ಸರಾಗವಾಗಿ ಹರಿಯಲ್ಲ, ಕೆಲಸ ನಿಧಾನ. ಉಪ್ಪು ಬಿತ್ತೋ, ದಾರಿ ಸಲೀಸು. ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ, ಹಾಗಾಗಿ ಒಳಗಿನಿಂದ ಪೇಂಟನ್ನು ಗುಳ್ಳೆ ಎಬ್ಬಿಸಿ ಒಡೆಯುತ್ತದೆ, ಒಡೆದ ಕಡೆ ಮತ್ತೆ ನೀರು. ಕಡಲ ಗಾಳಿಯಲ್ಲಿರುವ ಉಪ್ಪು ಕಾರಿನ ಟೊಳ್ಳು ಪಟ್ಟಿಗಳ ಒಳಗೆ ಇಬ್ಬನಿಯ ಜೊತೆ ಕೂತು, ಯಾರೂ ತೊಳೆಯಲಾಗದ ಜಾಗದಲ್ಲಿ ವರ್ಷಗಟ್ಟಲೆ ಇದನ್ನೇ ಮಾಡುತ್ತದೆ. ಹೊರಗಿನ ಬಾಗಿಲು ಹೊಳೆಯುತ್ತಲೇ ಇರುತ್ತದೆ.

ಮಾಲೀಕರಿಗೆ ನಾಚಿಕೆಯಾದ ಹಾಗಾಯಿತು. “ಮನೆ ಸಮುದ್ರದಿಂದ ಅರ್ಧ ಕಿಲೋಮೀಟರ್ ಸಹ ಇಲ್ಲ ಮಾರಾಯ್ರೆ. ಗೇಟು ವರ್ಷಕ್ಕೊಂದು ಸಲ ಪೇಂಟ್ ಮಾಡಿದ್ರೂ ನಿಲ್ಲುದಿಲ್ಲ.” ಅವರ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ವೆಲ್ಡಿಂಗ್ ಮಾಡಿಸಬಹುದಾ ಅಂತ ಕೇಳಿದ್ದಕ್ಕೆ ಮೆಕ್ಯಾನಿಕ್ ಅಣ್ಣ, “ಒಂದು ಕಡೆ ಹಾಕ್ಬೋದು. ಪಕ್ಕದ ತಗಡು ಅದನ್ನ ಹಿಡ್ಕಣಕೆ ಗಟ್ಟಿ ಇರ್ಬೇಕಲ್ಲ?” ಅಂದರು. ಇಂಜಿನ್ ರಿಪೇರಿಯಾಗುತ್ತದೆ, ಕ್ಲಚ್ ಬದಲಾಗುತ್ತದೆ. ಚಾಸಿಯ ಜಾಗ ಪುಡಿಯಾದ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗಲು ಧೈರ್ಯ ಬರಲಿಲ್ಲ. ಮೂರರಲ್ಲಿ ನಾನು ಓಡಿಸಿ ಖುಷಿಪಟ್ಟದ್ದು ಇದನ್ನೊಂದನ್ನೇ, ಬಿಟ್ಟು ಬರುವಾಗ ಸಂಕಟವಾದದ್ದೂ ಇದನ್ನೇ.

ರೈಟರ್ ಪುಸ್ತಕ

ತೋಟದ ಕಾರು ಮೊದಲ ನೋಟಕ್ಕೇ ಅಸಹ್ಯ. ಬೂದು ಬಣ್ಣ ಅಂತ ಆರ್‌ಸಿಯಲ್ಲಿತ್ತು, ಕಣ್ಣಿಗೆ ಕಂಡದ್ದು ಕೆಮ್ಮಣ್ಣು. ಎರಡೂ ಪಕ್ಕಕ್ಕೆ ಲಂಟಾನ ಗೀರಿದ ಗೆರೆಗಳು. ಒಳಗೆ ಕಾಳುಮೆಣಸು, ಗೊಬ್ಬರದ ಚೀಲ, ಒದ್ದೆ ಕಂಬಳಿ ಮೂರೂ ಬೆರೆತ ವಾಸನೆ. ತಮ್ಮ ಮೂಗು ಮುಚ್ಚಿಕೊಂಡು “ಅಕ್ಕಾ, ಇದು ಬೇಡ ಬಿಡು” ಅಂದ. 61,300 ಕಿಲೋಮೀಟರ್, ಎರಡು ಲಕ್ಷದ ಅರವತ್ತು ಸಾವಿರ.

ಡಿಸೆಂಬರಿನ ಬೆಳಿಗ್ಗೆ ಏಳಕ್ಕೇ ತಲುಪಿದ್ದೆವು, ಮಂಜು ಇನ್ನೂ ಕಾಫಿ ಗಿಡದ ಮೇಲೇ ಕೂತಿತ್ತು. ಬಾನೆಟ್ಟು ತಣ್ಣಗೆ ಮಂಜುಗಡ್ಡೆ. ಒಂದೇ ಸಲ ಕೀ ತಿರುಗಿಸಿದ್ದಕ್ಕೇ ಸ್ಟಾರ್ಟಾಯಿತು. ಸ್ವಲ್ಪ ಬಿಳಿ ಹಬೆ, ಎರಡು ನಿಮಿಷಕ್ಕೆ ನಿಂತಿತು, ಚಳಿಗೆ ಅದು ಸಹಜ. ಇಂಜಿನ್ ಓಡುತ್ತಿರುವಾಗಲೇ ಮೆಕ್ಯಾನಿಕ್ ಅಣ್ಣ ಆಯಿಲ್ ಮುಚ್ಚಳ ತೆಗೆದು ತಲೆಕೆಳಗು ಮಾಡಿ ಬಾಯಿಗೆ ಇಟ್ಟರು, ಮುಚ್ಚಳ ಕುಣಿಯಲಿಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ಒಳಗಿನ ಒತ್ತಡಕ್ಕೆ ಅದು ಹಾರಾಡುತ್ತದಂತೆ.

ಇಲ್ಲಿ ಶೆಡ್ಡಿತ್ತು! ಅಪ್ಪನ ಮಗಳಾಗಿ ಮೊದಲು ನೆಲ ನೋಡಿದೆ. ಒಂದು ದೊಡ್ಡ ಕರಿ ಕಲೆ. ಡ್ರೈವರು ತಕ್ಷಣ, “ಅದು ಜೀಪಿಂದು ಅಕ್ಕ, ಇದ್ರದ್ದಲ್ಲ” ಅಂದ. ಹೇಳಿಕೊಟ್ಟ ಮಾತಿರಬಹುದು. ಮೆಕ್ಯಾನಿಕ್ ಅಣ್ಣ ಹಳೇ ಪೇಪರು ಕೇಳಿ ಇಂಜಿನ್ನಿನ ಕೆಳಗೆ ಹಾಸಿ, ಇಪ್ಪತ್ತು ನಿಮಿಷ ಓಡಲು ಬಿಟ್ಟರು. ಅಷ್ಟರಲ್ಲಿ ನಮಗೆ ಕಾಫಿ, ಅಕ್ಕಿರೊಟ್ಟಿ ಬಂತು. ವಾಪಸ್ಸು ಹೋಗಿ ನೋಡಿದರೆ ಪೇಪರಿನ ಮೇಲೆ ಒಂದೇ ಹನಿ, ಗೇರ್‌ಬಾಕ್ಸ್ ಆಯಿಲ್, ಎಡಗಡೆ ಆಕ್ಸಲ್ ಸೀಲಿನದು. ಆ ದೊಡ್ಡ ಕಲೆ ಜೀಪಿನದೇ.

ಬೇನೆಗಳು ಕಮ್ಮಿಯೇನೂ ಇರಲಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಲಿಸಿದರೆ ‘ಟಕ್ ಟಕ್ ಟಕ್’, ಆಕ್ಸಲ್ ಜಾಯಿಂಟು. ಅದರ ರಬ್ಬರ್ ಬೂಟು ಹರಿದು ಮಣ್ಣು ಒಳಗೆ ಹೋಗಿದೆ. ಮುಂದಿನ ಚಕ್ರ ಹಿಡಿದಿರುವ ಲೋಯರ್ ಆರ್ಮಿನ ರಬ್ಬರ್ ಬುಷ್ಷುಗಳು ಸತ್ತಿವೆ. ತಳದಲ್ಲಿ ಕಲ್ಲು ಬಡಿದು ಆಯಿಲ್ ಚೇಂಬರ್ ಒಂದು ಕಡೆ ನಗ್ಗಿದೆ. ತಣ್ಣಗಿರುವಾಗ ಎರಡನೇ ಗೇರು ಗೊಣಗುತ್ತದೆ, ತೋಟದೊಳಗೆ ಅದು ಬದುಕಿದ್ದೇ ಒಂದನೇ, ಎರಡನೇ ಗೇರಿನಲ್ಲಲ್ಲವೇ. ಏರ್ ಫಿಲ್ಟರಿನ ಡಬ್ಬಿ ತೆಗೆದರೆ ಇಲಿಯ ಗೂಡು, ಒಣಗಿದ ಕಾಫಿ ಸಿಪ್ಪೆ ಹಾಸಿಕೊಂಡು ಸಂಸಾರ ಮಾಡಿತ್ತು. ಎಡಗಡೆ ಮುಂದಿನ ಕಾರ್ಪೆಟ್ ಎತ್ತಿದರೆ ನೀರು. ಅಲ್ಲಿ ತುಕ್ಕೂ ಇತ್ತು. ನನ್ನ ಎದೆ ಡವಡವ. ಆದರೆ ಸ್ಕ್ರೂಡ್ರೈವರು ಎಲ್ಲಿ ತಟ್ಟಿದರೂ ‘ಠಣ್’ ಅಂದಿತು. ಮೇಲ್ಪದರದ ತುಕ್ಕು, ಉಜ್ಜಿ ಬಣ್ಣ ಹೊಡೆದರೆ ನಿಲ್ಲುವಂಥದ್ದು. ನಮ್ಮ ಕಡೆ ಮಳೆ ಎಷ್ಟು ಹೊಯ್ದರೂ ಅದರಲ್ಲಿ ಕಡಲ ಉಪ್ಪಿಲ್ಲ.

ಮಾಲೀಕರು ಬೆಂಗಳೂರಿನಲ್ಲಿದ್ದರು. ವ್ಯವಹಾರವೆಲ್ಲ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರ ಜೊತೆ. ಕಾರಿನ ಖರ್ಚಿನ ಲೆಕ್ಕ ಇದೆಯಾ ಅಂತ ಕೇಳಿದೆ, ಅವರು ಒಳಗೆ ಹೋಗಿ ಉದ್ದನೆಯ ರಟ್ಟಿನ ಪುಸ್ತಕ ತಂದರು. ಆಳುಗಳ ಸಂಬಳ, ಮೆಣಸಿನ ತೂಕ, ಡೀಸೆಲ್ಲು, ಸುಣ್ಣ ಎಲ್ಲದರ ನಡುವೆ ಈ ಕಾರಿನ ಹತ್ತು ವರ್ಷ ಇತ್ತು. ಪ್ರತಿ ಆಯಿಲ್ ಬದಲಾವಣೆ, ಪಕ್ಕದಲ್ಲಿ ಮೀಟರ್ ಅಂಕಿ. ‘48,210 — ಕ್ಲಚ್ ಪ್ಲೇಟ್ ಸೆಟ್.’ 2019ರ ಆಗಸ್ಟಿನ ಪುಟದಲ್ಲಿ ಅದೇ ದುಂಡನೆ ಅಕ್ಷರ: ‘ಗಾಡಿ ತೆಗೆದಿಲ್ಲ. ರಸ್ತೆ ಇಲ್ಲ.’ ಮೂಡಿಗೆರೆ ಕಡೆ ಗುಡ್ಡಗಳು ಜರಿದು, ಚಾರ್ಮಾಡಿ ಬಂದಾದ ಆ ಮಳೆಗಾಲ ನಮಗೆ ಯಾರಿಗೂ ಮರೆತಿಲ್ಲ. 2020ರ ಏಪ್ರಿಲ್ಲಿನಲ್ಲಿ ಮೀಟರು ಹನ್ನೊಂದು ಕಿಲೋಮೀಟರ್ ಮುಂದೆ ಹೋಗಿದೆ ಅಷ್ಟೇ. ಇಷ್ಟು ಸುಳ್ಳು ಯಾರೂ ಕೂತು ಬರೆಯಲ್ಲ.

ಮುಂದಿನ ವಾರ ಕಾರನ್ನು ಚಿಕ್ಕಮಗಳೂರಿಗೇ ತರಿಸಿಕೊಂಡು ಕೈಮರ ದಾಟಿ ಸೀತಾಳಯ್ಯನಗಿರಿ ಹತ್ತಿಸಿದೆ, ಹಿಂದೆ ಮೂರು ಜನ, ಪಕ್ಕದಲ್ಲಿ ಅಮ್ಮ. ಏದುಸಿರು ಬಿಟ್ಟಿತು, ನಿಲ್ಲಲಿಲ್ಲ. ಕಡಿದಾದ ತಿರುವಿನಲ್ಲಿ ಬೇಕೆಂದೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದೆ ಜಾರಲಿಲ್ಲ. ಕಲ್ಲು ಬೇಕಾಗಲಿಲ್ಲ.

ದುಡ್ಡು, ಕಾಗದ

ಲೆಕ್ಕ ಹಾಕಿದರೆ ಹೀಗೆ. ಹಾಸನದ್ದಕ್ಕೆ ಮೂರು ಹದಿನೈದು, ಮೇಲೆ ಕ್ಲಚ್ಚಿನ ಖರ್ಚು, ಕಿಲೋಮೀಟರ್ ಎಷ್ಟೋ ದೇವರೇ ಬಲ್ಲ. ಮಂಗಳೂರಿನದು ಅಗ್ಗ, ಆದರೆ ತುಕ್ಕಿಗೆ ಎಷ್ಟು ಸುರಿದರೂ ಇಷ್ಟು ಅಂತ ಕೊನೆಯಿಲ್ಲ. ತೋಟದ್ದನ್ನು ಬೇನೆಗಳ ಪಟ್ಟಿ ಹಿಡಿದು ಚೌಕಾಸಿ ಮಾಡಿ ಎರಡು ಲಕ್ಷದ ನಲವತ್ತೆರಡು ಸಾವಿರಕ್ಕೆ ಇಳಿಸಿದೆ. ಆಕ್ಸಲ್ ಜಾಯಿಂಟು, ಸೀಲು, ಬುಷ್ಷು, ನಾಲ್ಕು ಟೈರು, ಬ್ಯಾಟರಿ, ಒಳಗಿನ ತೊಳೆತ ಎಲ್ಲ ಸೇರಿ 34,600. ಒಟ್ಟು 2,76,600.

ಡೀಲರ್ ಹುಡುಗ ‘ಇನ್ಶೂರೆನ್ಸಿನಲ್ಲಿ ಐವತ್ತು ಪರ್ಸೆಂಟ್ ನೋ ಕ್ಲೇಮ್ ಬೋನಸ್ ಇದೆ, ನಿಮಗೇ ಬರುತ್ತೆ’ ಅಂದಿದ್ದ. ಬರಲ್ಲ. ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ಆ ರಿಯಾಯಿತಿ ಮಾಲೀಕನದು, ಕಾರಿನದಲ್ಲ. ಮಾರಿದವರು ತಮ್ಮ ಮುಂದಿನ ಕಾರಿಗೆ ಒಯ್ಯುತ್ತಾರೆ. ಪಾಲಿಸಿಯನ್ನು ಕೊಂಡವರು ಹದಿನಾಲ್ಕು ದಿನದೊಳಗೆ ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು. ಸಾವಿರ ಸಿಸಿ ಒಳಗಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ಜೂನ್‌ನಲ್ಲಿ 2,094 ರೂಪಾಯಿ ಅಂತ ನಿಗದಿಯಾಗಿತ್ತು, ಅದಕ್ಕೆ ತೆರಿಗೆ ಬೇರೆ. ಅಷ್ಟಕ್ಕೆ ಯಾರೂ ಉಪಕಾರ ಮಾಡಿದಂತೆ ಮಾತಾಡಬೇಕಿಲ್ಲ. ಹಾಸನದ ಆ ಕಾರಿನ ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಹಾಗೇ ಕೂತಿತ್ತು. ತಕರಾರಿಲ್ಲ ಅಂತ ಬ್ಯಾಂಕ್ ಕೊಡುವ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಇಲ್ಲದೆ ಅದು ಹೋಗಲ್ಲ. ಸರ್ಕಾರದ ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಇದೆಲ್ಲ ಕಾಣುತ್ತದೆ, ಬಾಕಿ ದಂಡವೂ ಕಾಣುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಎರಡು ನಿಮಿಷದ ಕೆಲಸ.

ಮಾಲೀಕರ ಹೆಸರು ಬದಲಾಯಿಸುವ ಫಾರಂ 29, ಫಾರಂ 30ರ ವಿಷಯದಲ್ಲಿ ನಾನು ರೈಟರಿಗೆ ಸಾಕುಬೇಕು ಮಾಡಿಸಿದೆ. ಕಾರಣ ಅಪ್ಪನ ಪದ್ಮಿನಿಯೇ. ಕಾರು ಕೊಳ್ಳುವಾಗ ಅಷ್ಟು ಜಾಣರಾಗಿದ್ದ ಅಪ್ಪ ಮಾರುವಾಗ ಬರೀ ಮಾತಿನ ಮೇಲೆ, ಕೈಗೆ ದುಡ್ಡು ಬಂತಲ್ಲ ಅಂತ ಕೀ ಕೊಟ್ಟುಬಿಟ್ಟಿದ್ದರು. ಕೊಂಡವನು ಹೆಸರು ಬದಲಾಯಿಸಲೇ ಇಲ್ಲ. ಎರಡು ವರ್ಷದ ಮೇಲೆ ಕೋರ್ಟಿನ ನೋಟಿಸು ಬಂತು, ಯಾವುದೋ ಊರಿನಲ್ಲಿ ಯಾರದೋ ಸೈಕಲ್ಲಿಗೆ ಹೊಡೆದ ಕೇಸು. ಪುಣ್ಯಕ್ಕೆ ಆ ಸೈಕಲ್ಲಿನವರ ಜೀವಕ್ಕೆ ಏನೂ ಆಗಿರಲಿಲ್ಲ, ಆದರೆ ಅಪ್ಪ ಎಷ್ಟೋ ಸಲ ಬಸ್ಸು ಹತ್ತಿ ಕೋರ್ಟಿಗೆ ಅಲೆದರು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದಾಗ ಪೇಪರಿನಲ್ಲಿ ಓದಿ ಅಮ್ಮ, “ನಿಮ್ಮಪ್ಪಂಗೆ ಮೊದ್ಲೇ ಗೊತ್ತಾಗಿತ್ತು” ಅಂದಿದ್ದಳು.

ನಮ್ಮದು ಕೆಎ-18ರಿಂದ ಕೆಎ-18ಕ್ಕೇ ಆದ್ದರಿಂದ ವರ್ಗಾವಣೆ ಸಲೀಸಾಗಿ ಮುಗಿಯಿತು. ಆರ್‌ಸಿ 2029ರವರೆಗೆ ಇದೆ. ಹದಿನೈದು ವರ್ಷ ತುಂಬಿದ ಮೇಲೆ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಐದು ವರ್ಷಕ್ಕೆ ಮುಂದುವರಿಸಬೇಕು. ಅಷ್ಟು ದಿನ ಬಾಳಿದರೆ ಆಗ ನೋಡೋಣ.

ರೈಟರ್ ಪುಸ್ತಕ ನನಗೆ ಸಿಗಲಿಲ್ಲ. ಆಸೆಯಿಂದ ಕೇಳಿದ್ದೆ. “ಇದ್ರಾಗೆ ನಮ್ ಜನರ ಲೆಕ್ಕ ಐತಲ್ಲ ಟೀಚರಮ್ಮ, ಹೆಂಗ್ ಕೊಡ್ಲಿ?” ಅಂದರು. ಕಾರಿನ ಸಾಲುಗಳಿರುವ ಪುಟಗಳನ್ನೆಲ್ಲ ಕಣದಲ್ಲಿ ನಿಂತು ಫೋನಿನಲ್ಲಿ ಫೋಟೊ ತೆಗೆದುಕೊಂಡೆ. ಮೆಣಸಿನ ತೂಕವೂ ಅದರಲ್ಲೇ ಬಂದಿದೆ.

ಜುಲೈ ಬಂತು. ಕಾರ್ಪೆಟ್ ಕೆಳಗಿನ ನೀರು ಎಲ್ಲಿಂದ ಬರುತ್ತದೆ ಅಂತ ಇನ್ನೂ ಸಿಕ್ಕಿಲ್ಲ. ಬಾಗಿಲ ಬೀಡಿಂಗ್ ಬದಲಾಯಿಸಿ ಆಯಿತು, ವೈಪರ್ ಕೆಳಗಿನ ತೂತು ಮುಚ್ಚಿಸಿ ಆಯಿತು. ಮೆಕ್ಯಾನಿಕ್ ಅಣ್ಣ ಈಗ ಮುಂದಿನ ಗಾಜನ್ನೇ ತೆಗೆದು ಕೂರಿಸೋಣ ಅನ್ನುತ್ತಿದ್ದಾರೆ. ಅಮ್ಮ ಕಾಯಲಿಲ್ಲ. ಹಳೇ ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಕಾಲಬುಡಕ್ಕೆ ಹಾಸಿಕೊಂಡಿದ್ದಾಳೆ, ಹಾಸನಕ್ಕೆ ಹೋಗಿ ಬಂದ ದಿನ ಅದನ್ನು ತೆಗೆದು ಒಲೆ ಪಕ್ಕ ಒಣಗಲು ಹಾಕುತ್ತಾಳೆ.